ಸೊಟ್ಟ ಬೆರಳಿನ ರೊಟ್ಟಿ

ಫಕೀರಮ್ಮ ರೊಟ್ಟಿ ಬಡಿಯಲು ಕೂತರೆ ಹನುಮಸಾಗರದ ಆಚೆಯ ಆ ಹಳ್ಳಿಗೆಲ್ಲ ಸದ್ದು ಕೇಳುತ್ತಿತ್ತು. ಗಂಡ ಸತ್ತ ಮೇಲೆ ಅವಳ ಹೊಟ್ಟೆ ಹೊರೆದದ್ದು ಆ ಸದ್ದೇ. ಮುಂಜಾನೆ ಜಮಾದಾರನ ಮನೆಯಲ್ಲಿ ಕೂತು ನಿಜಾಮನ ಪೊಲೀಸ್ ಚೌಕಿಯ ಸಿಪಾಯಿಗಳಿಗೆ ಬಡಿಯುತ್ತಿದ್ದಳು. ಮಧ್ಯಾಹ್ನ ಸಗಣಿ ಆರಿಸುವ ನೆವದಲ್ಲಿ ಗುಡ್ಡಕ್ಕೆ ಹೊರಡುತ್ತಿದ್ದಳು. ಬುಟ್ಟಿಯ ತಳದಲ್ಲಿ ಮನೆಯಲ್ಲಿ ಬಡಿದು ಒಣಗಿಸಿದ ಕಟಕ ರೊಟ್ಟಿ, ಮೇಲೆ ಹರಕು ಗೋಣಿ. ಸಗಣಿ ಬುಟ್ಟಿ ತಡವಲು ಯಾವ ಸಿಪಾಯಿಗೂ ಮನಸ್ಸಿರಲಿಲ್ಲ. ಗುಡ್ಡದಲ್ಲಿ ನಿಜಾಮನ ವಿರುದ್ಧ ಎದ್ದ ಹುಡುಗರು ಅಡಗಿದ್ದರು. ಅವಳ ತಮ್ಮ ಹುಲಿಗೆಪ್ಪನೂ ಅವರಲ್ಲೊಬ್ಬ. ೧೯೪೮ರ ಬೇಸಿಗೆ ಅದು. ಸಿಕ್ಕಿಬಿದ್ದರೆ ಅಕ್ಕ ತಮ್ಮ ಇಬ್ಬರಿಗೂ ಉಳಿಗಾಲವಿರಲಿಲ್ಲ.

ಎರಡು ದೋಣಿಯಲ್ಲಿ ಕಾಲಿಟ್ಟರೂ ಅವಳು ನೇಮ ಬಿಟ್ಟವಳಲ್ಲ. ಚೌಕಿಯ ಹಿಟ್ಟಿನ ಒಂದು ಹಿಡಿಯೂ ಗುಡ್ಡ ಹತ್ತಲಿಲ್ಲ. ಉಂಡ ಮನೆಯ ಜಂತಿ ಎಣಿಸಬಾರದಂತೆ! ಆ ಮನೆಯ ಬಂದೂಕು ಎಣಿಸಿ ತಮ್ಮನಿಗೆ ಹೇಳುವುದು ಮಾತ್ರ ಬೇರೆ ಮಾತು.

ಎಲ್ಲ ಯೋಚಿಸಿದವಳು ತನ್ನ ಕೈಯನ್ನೇ ಮರೆತಿದ್ದಳು. ಬೀಸುಕಲ್ಲಿಗೆ ಸಿಕ್ಕು ಬಲಗೈಯ ಕಿರುಬೆರಳು ಎಂದೋ ಸೊಟ್ಟಗಾಗಿತ್ತು. ಅವಳು ಬಡಿದ ಪ್ರತಿ ರೊಟ್ಟಿಯ ಅಂಚಿಗೂ ಅದು ಸಣ್ಣ ಸಣ್ಣ ಕಚ್ಚು ಬೀಳಿಸುತ್ತಿತ್ತು.

ಒಂದು ದಿನ ಗುಡ್ಡ ಶೋಧಿಸಿದ ಜಮಾದಾರನಿಗೆ ಸಿಕ್ಕಿದ್ದು ಒಂದು ಕಟಕ ರೊಟ್ಟಿ ಮಾತ್ರ. ಊಟಕ್ಕೆ ಕೂತವನು ಅದನ್ನು ತಾಟಿನ ರೊಟ್ಟಿಯ ಪಕ್ಕಕ್ಕಿಟ್ಟು ಅಂಚು ನೋಡಿದ.

“ಫಕೀರಮ್ಮಾ, ಎರಡೂ ಒಂದ ಕೈಯಾಗ ಬಡದವು ಅದಾವಲ್ಲ?”

ಅವಳು ಸೊಟ್ಟ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ತನ್ನ ಜೀವಕ್ಕಿಂತ ತಮ್ಮನ ಜೀವಕ್ಕೆ ಹೆದರಿದಳು.

ಒಲೆಯ ಮುಂದಿದ್ದ ಜಮಾದಾರನ ಹೆಂಡತಿ ನೂರಜಾನಬಿ ತಿರುಗಿಯೂ ನೋಡಲಿಲ್ಲ. “ಹೌದ್ರಿ, ಆಕಿ ಬಡದದ್ದ. ಮೊನ್ನೆ ಕುರಿ ಕಾಯೋರು ಬಾಗಿಲಿಗೆ ಬಂದಿದ್ರು, ಉಳಿದು ಒಣಗಿದ್ದವನ್ನ ನಾನ ಕೊಟ್ಟೀನಿ. ಹಸದವ್ರಿಗೆ ಇಲ್ಲ ಅನ್ಲೇನು?”

ಜಮಾದಾರ ಹೆಂಡತಿಯ ಬೆನ್ನನ್ನೇ ನೋಡಿದ. ಆಮೇಲೆ ಎರಡು ರೊಟ್ಟಿಯನ್ನೂ ಮುರಿದು ಪಲ್ಯದಲ್ಲಿ ಅದ್ದಿ ತಿಂದ.

ಅವನು ಚೌಕಿಗೆ ಹೋದ ಮೇಲೆ ಫಕೀರಮ್ಮ ಅತ್ತಳು. ನೂರಜಾನಬಿ ಅವಳ ಸೊಟ್ಟ ಬೆರಳು ಹಿಡಿದುಕೊಂಡಳು. “ಇದರ ಗುರುತು ಇನ್ನ ಗುಡ್ಡ ಹತ್ತಬಾರ್ದು. ಹಿಟ್ಟು ನೀ ತಾ, ಬಡಿಯಾಕ ನಾ ಅದೀನಿ.”

ಮರುದಿನ ಗುಡ್ಡದಲ್ಲಿ ಹುಲಿಗೆಪ್ಪ ರೊಟ್ಟಿ ಮುರಿದು ಮುಖ ಕಿವುಚಿದ. “ಅಕ್ಕಾ, ಇದೇನ ಇಷ್ಟು ದಪ್ಪ? ನಡುವ ಹಸಿ ಐತಿ.”

“ಹೊಸ ಕೈ,” ಎಂದಳು ಫಕೀರಮ್ಮ. “ಕಲೀತಾಳ. ಸುಮ್ಮನ ತಿನ್ನು.”