ಸೈಕಲ್ಲಿನ ಮೇಲೆ ಅತ್ತೆ, ನಾಟಕದಲ್ಲಿ ಗಂಡ

ನನ್ನ ಗಂಡ ನಾಟಕದಲ್ಲಿ ಪಾರ್ಟು ಮಾಡುತ್ತಾರೆಂದು ಮನೆಯವರಿಗೆಲ್ಲ ಗೊತ್ತಿತ್ತು. ಪಕ್ಕದೂರಿನ ಗೆಳೆಯರ ಜತೆ ಸೇರಿ ಎರಡು ತಿಂಗಳಿಂದ ತಾಲೀಮು ನಡೆಸಿದ್ದರು. ಯಾವ ಪಾರ್ಟು ಎಂದು ಕೇಳಿದರೆ ಮೀಸೆ ತಿರುವಿ "ಗೌಡನ ಪಾರ್ಟು" ಅನ್ನುತ್ತಿದ್ದರು. ನಮ್ಮನ್ನೂ ಕರೆದುಕೊಂಡು ಹೋಗಿ ಅಂದರೆ ಮಾತ್ರ ಮೀಸೆ ಇಳಿಯುತ್ತಿತ್ತು.

"ಗಾಡಿ ಹಿಂದ ಹಾರ್ಮೋನಿಯಂ ಮಾಸ್ತರ ಕುಂದರ್ತಾನ. ನೀವೆಲ್ಲಿ ಕುಂದರ್ತೀರಿ? ಬರೋದು ಬ್ಯಾಡ."

ಮದುವೆಯಾಗಿ ಇಪ್ಪತ್ತು ವರ್ಷ ನಾನು ಎಲ್ಲಿಗೆ ಹೋಗಬೇಕೆಂದರೂ ಇವರ ಗಾಡಿಯ ಹಿಂದಿನ ಸೀಟು ಖಾಲಿ ಇರಬೇಕಿತ್ತು. ಈ ಸಲ ನನಗೆ ರೇಗಿಹೋಯಿತು. ಗಂಡನ ನಾಟಕ ಊರೆಲ್ಲ ನೋಡಬೇಕು, ನಾನು ಮನೆಯಲ್ಲಿ ಕೂತು ಕತೆ ಕೇಳಬೇಕೆ?

ಮಗಳಿಗೆ ಹೈಸ್ಕೂಲಿನಲ್ಲಿ ಕೊಟ್ಟ ಸರ್ಕಾರದ ಸೈಕಲ್ಲು ಕುರಿಹಟ್ಟಿಯಲ್ಲಿ ಬಿದ್ದಿತ್ತು. ಅವಳೀಗ ಬಸ್ಸು ಹತ್ತಿ ಕೊಟ್ಟೂರಿನ ಕಾಲೇಜಿಗೆ ಹೋಗುತ್ತಾಳೆ. ಸೈಕಲ್ಲಿನ ಮೇಲೆ ಕೋಳಿ ಕೂರುತ್ತಿದ್ದವು. ನಲವತ್ತೆರಡನೆಯ ವಯಸ್ಸಿನಲ್ಲಿ ಕೋಳಿ ಓಡಿಸಿ ನಾನು ಹತ್ತಿದೆ. ಹಿಂದೆ ಕ್ಯಾರಿಯರ್ ಹಿಡಿದು ಓಡಿದವರು ನನ್ನ ಅತ್ತೆ. ಅರವತ್ತು ದಾಟಿದರೂ ಕುರಿಹಿಂಡಿನ ಹಿಂದೆ ಓಡಿದ ಕಾಲು ಅವರದು. ಮಗನ ನಾಟಕ ನೋಡುವ ಆಸೆ ಅವರಿಗೂ ಇತ್ತು.

"ನೆಲ ನೋಡಬ್ಯಾಡಲೇ, ನೆಲ ಎಲ್ಲಿಗೂ ಓಡಿ ಹೋಗಂಗಿಲ್ಲ," ಎಂದು ಕಣದ ತುಂಬ ಕೂಗುತ್ತಿದ್ದರು. ಆದರೂ ನಾನು ಮೂರು ಸಲ ನೆಲವನ್ನು ಹತ್ತಿರದಿಂದ ನೋಡಿದೆ. ಮೊಣಕೈ ಗಾಯಕ್ಕೆ ಬಚ್ಚಲಲ್ಲಿ ಜಾರಿದೆ ಎಂದು ಗಂಡನಿಗೆ ಸುಳ್ಳು ಹೇಳಿದೆ. ಪಾಪ, ಮುಲಾಮು ತಂದುಕೊಟ್ಟರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ವಾರದಲ್ಲಿ ಓಡಿಸುವುದು ಬಂತು. ಇಳಿಯುವುದು ಬರಲಿಲ್ಲ. ಒತ್ತಿದರೆ ಮುಗ್ಗರಿಸುತ್ತೇನೆಂದು ಬ್ರೇಕನ್ನು ಮುಟ್ಟುತ್ತಲೇ ಇರಲಿಲ್ಲ. ಸಾಕೆನಿಸಿದಾಗ "ಅತ್ತೀ!" ಎಂದು ಕೂಗುತ್ತಿದ್ದೆ, ಅವರು ಎದುರಿಗೆ ಬಂದು ಟಗರಿನ ಕೊಂಬು ಹಿಡಿದಂತೆ ಹ್ಯಾಂಡಲ್ ಹಿಡಿದು ನಿಲ್ಲಿಸುತ್ತಿದ್ದರು. ಸೈಕಲ್ ಓಡಿಸುವ ಕ್ರಮವೇ ಇದು ಎಂದು ಇಬ್ಬರೂ ನಂಬಿಬಿಟ್ಟಿದ್ದೆವು.

ನಾಟಕದ ದಿನ ಇವರು ಮಾಸ್ತರನನ್ನು ಕೂರಿಸಿಕೊಂಡು ಹೋದ ಮೇಲೆ ನಾವೂ ಪಕ್ಕದೂರಿಗೆ ಹೊರಟೆವು. ಅತ್ತೆ ಕಂಬಳಿ ಹೊದ್ದು ಕ್ಯಾರಿಯರ್ ಮೇಲೆ ಕೂತರು. ಎರಡು ಮೈಲಿ ದಾರಿ ಸಲೀಸಾಗಿ ಸಾಗಿತು. ಪೆಂಡಾಲಿನ ದೀಪ ಕಂಡಾಗಷ್ಟೇ ನನಗೆ ಹೊಳೆಯಿತು. ನನ್ನನ್ನು ನಿಲ್ಲಿಸಬೇಕಾದವರು ನನ್ನ ಹಿಂದೆಯೇ ಕೂತಿದ್ದರು.

"ಅತ್ತೀ, ಹಿಡೀರಿ!"

"ಎಲ್ಲಿ ಹಿಡೀಲೇ? ನಿನ್ನ ಹಿಂದ ಅದೀನಲ್ಲ!"

ಮಂಡಕ್ಕಿ ಅಂಗಡಿಯ ಚೀಲಗಳು ನಮ್ಮನ್ನು ಹಿಡಿದವು. ಅಂಗಡಿಯವನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಎದ್ದು, "ದಾರ್ಯಾಗ ಚೀಲ ಇಡ್ತಾರೇನಪಾ? ಮಂದಿ ಹೆಂಗ ಬರಬೇಕು?" ಎಂದು ಜೋರು ಮಾಡಿದರು. ಅವನು ಪಾಪ ಚೀಲ ಎತ್ತಿ ಒಳಗಿಟ್ಟ. ತಲೆಯ ಮಂಡಕ್ಕಿ ಕೊಡವಿಕೊಂಡು ಹೆಂಗಸರ ಗುಂಪಿನಲ್ಲಿ ಕೂತೆವು.

ಪರದೆ ಎದ್ದಿತು. ಗೌಡ ಬಂದ. ಅವನು ನನ್ನ ಗಂಡನಲ್ಲ! ಹರಕು ಚಡ್ಡಿ ಹಾಕಿ, ಗೌಡನ ಚಪ್ಪಲಿ ತಲೆಯ ಮೇಲೆ ಹೊತ್ತು ಹಿಂದೆ ಬಂದ ಆಳು ನನ್ನ ಗಂಡ. ಮಾತಿಗೊಮ್ಮೆ ಗೌಡತಿಯಿಂದ ಪೊರಕೆ ಏಟು. ನನಗೆ ಸ್ವರ್ಗವೇ ಸಿಕ್ಕಿದಂತಾಯಿತು. ಜೀವನಪೂರ್ತಿ ಕಾಡಿಸಲು ಸರಕು ಸಿಕ್ಕಿತೆಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಆಮೇಲೆ ಆಯೇರಿ ಶುರುವಾಯಿತು. ನಮ್ಮ ಕಡೆ ನಾಟಕದ ನಡುವೆಯೇ ಪಾತ್ರಧಾರಿಯ ಮನೆಯವರು ಸ್ಟೇಜು ಹತ್ತಿ ಟವೆಲ್ಲು, ಹಾರ ಹಾಕಿ ಮರ್ಯಾದೆ ಮಾಡುತ್ತಾರೆ. ಯಾವ ಸೀನಾದರೂ ನಿಲ್ಲಬೇಕು. ಸತ್ತವನೂ ಎದ್ದು ಆಯೇರಿ ತೆಗೆದುಕೊಂಡು, ಕೈಮುಗಿದು ಮತ್ತೆ ಸಾಯಬೇಕು. ಗೌಡನಿಗೆ ಮೀಸೆ ಮುಚ್ಚುವಷ್ಟು ಹಾರ ಬಿದ್ದವು. ಪೊಲೀಸಿಗೆ ಬಂತು, ಕಳ್ಳನಿಗೂ ಬಂತು. ಮೈಕಿನಲ್ಲಿ ಹೆಸರು ಕೂಗಿದಾಗಲೆಲ್ಲ ನನ್ನ ಗಂಡ ಚಪ್ಪಲಿ ಹಿಡಿದು ಪಕ್ಕಕ್ಕೆ ಸರಿದು ನೆಲ ನೋಡುತ್ತಿದ್ದರು. ಅವರಿಗೆ ಬರುವವರು ಯಾರೂ ಇರಲಿಲ್ಲ. ಬರುವುದು ಬೇಡ ಎಂದು ತಾವೇ ಹೇಳಿದ್ದರಲ್ಲ. ಅವರೇ ಮಾಡಿಕೊಂಡದ್ದು, ಆದರೂ ನನಗೆ ಸಂಕಟವಾಯಿತು. ನಗು ಅಲ್ಲಿಗೇ ನಿಂತಿತು.

ನಮ್ಮ ಕೈಯಲ್ಲಿ ಒಂದು ಟವೆಲ್ಲೂ ಇರಲಿಲ್ಲ. ಅತ್ತೆ ನನ್ನ ಮುಖ ನೋಡಿದರು, ಹೊದ್ದ ಕಂಬಳಿ ತೆಗೆದರು, ಸೀದಾ ಸ್ಟೇಜು ಹತ್ತಿದರು. ಮಗ ಪೊರಕೆ ಏಟು ತಿಂದು ಅಂಗಾತ ಬಿದ್ದಿದ್ದ. ತಾಯಿಯನ್ನು ಕಂಡವನೇ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

"ಏಳಲೇ. ಆಯೇರಿ ಬಂದೈತಿ."

ಜನ ಹೋ ಎಂದರು. ಅತ್ತೆ ಮೈಕಿಗೆ ಬಾಯಿ ಕೊಟ್ಟು, "ಈ ಕಂಬಳಿ ನಮ್ಮ ಕುರಿ ಉಣ್ಣೇದು. ನನ್ನ ಕರಕೊಂಡು ಬಂದಾಕಿ ನನ್ನ ಸೊಸಿ, ಸೈಕಲ್ ಮ್ಯಾಲ!" ಅಂದರು. ಸಿಳ್ಳೆಗಳು ಬಿದ್ದವು. ನನ್ನ ಗಂಡ ಎದ್ದು ಕೂತು ಗುಂಪಿನಲ್ಲಿ ನನ್ನನ್ನು ಹುಡುಕಿದರು. ಕಂಬಳಿ ಹೊದಿಸಿಕೊಂಡು ಕೈಮುಗಿದರು. ಮತ್ತೆ ಬಿದ್ದು, ಮುಂದಿನ ಏಟಿಗೆ ಮೊದಲಿಗಿಂತ ಎರಡು ಪಟ್ಟು ಜೋರಾಗಿ ಚೀರಿದರು.

ವಾಪಸು ಬರುವಾಗ ಗಾಡಿಯನ್ನು ಮಾಸ್ತರನಿಗೆ ಕೊಟ್ಟು, ಅತ್ತೆಯನ್ನೂ ಅದರಲ್ಲೇ ಕಳಿಸಿದರು. ನನ್ನ ಜತೆ ಸೈಕಲ್ ತಳ್ಳಿಕೊಂಡು ನಡೆದರು. ಬೈದರೆ ತಿರುಗಿ ಹೇಳಲು ನಾನು ಅಣಿಯಾಗಿಯೇ ಇದ್ದೆ, ಆದರೆ ಅವರೇ ಮೊದಲು ಕೇಳಿದರು.

"ನನ್ನ ನೋಡಿ ನಕ್ಕಿ ಏನು?"

"ಹೊಟ್ಟಿ ಹುಣ್ಣಾಗೋಷ್ಟು ನಕ್ಕೀನ್ರಿ."

"ಖರೇ?"

"ಖರೇನ ರೀ."

ಅವರು ಸೈಕಲ್ ನಿಲ್ಲಿಸಿ ನನ್ನ ಕಡೆ ತಿರುಗಿದರು. ಮುಖದ ಬಣ್ಣ ಇನ್ನೂ ಹೋಗಿರಲಿಲ್ಲ.

"ಯಾವ ಸೀನಿಗೆ ಭಾಳ ನಕ್ಕಿ?"