ಎಲ್ಲರೂ ಕಾಪಾಡಿದ ಮರೆವು

ಆ ಸಭೆ ನಡೆದದ್ದು ಗುರುವಾರವೆಂದು ನನ್ನ ನೆನಪು ಹೇಳುತ್ತದೆ. ಸಭೆಯ ಸೂಚನೆಯಲ್ಲಿ ಶುಕ್ರವಾರವೆಂದಿದೆ. ಇನ್ನಿಬ್ಬರನ್ನು ವಿಚಾರಿಸಿ ನೋಡಿದ್ದೇನೆ, ಶುಕ್ರವಾರವೇ ಸರಿ.

ನಾನು ವೈದ್ಯನಲ್ಲ. ಮೂಳೆಗಳ ಸವೆತವನ್ನು ಕುರಿತು ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನು. ಮುಪ್ಪಿನ ಚಿಕಿತ್ಸೆಗೆ ಮೀಸಲಾದ ವೈದ್ಯರ ಸಂಘವೊಂದು ನನ್ನನ್ನು ಕಾರ್ಯಕಾರಿ ಸಮಿತಿಗೆ ಸೇರಿಸಿಕೊಂಡು, ಸ್ಮರಣ ಸಂಚಿಕೆಗೆ ಸಂಘದ ಚರಿತ್ರೆ ಬರೆಯುವ ಕೆಲಸವನ್ನು ವಹಿಸಿತ್ತು. ಸಂಘವನ್ನು ಕಟ್ಟಿದವರು ಅದರ ಅಧ್ಯಕ್ಷರು. ಮರೆವಿನ ಕಾಯಿಲೆಯನ್ನು ಗುರುತಿಸುವ ಬಗೆಯನ್ನು ಉಳಿದವರಿಗೆಲ್ಲ ಕಲಿಸಿದವರೂ ಅವರೇ. ಬಸವೇಶ್ವರನಗರದ ಅವರ ಮನೆಗೆ ನಾನು ಮೊದಲ ಸಲ ಹೋದಾಗ, ಸಂಘದ ಪ್ರಥಮ ಸಭೆ ರಾಜಾಜಿನಗರದ ಒಂದು ಶಾಲೆಯಲ್ಲಿ, ಮಳೆಗಾಲದಲ್ಲಿ ನಡೆಯಿತೆಂದರು. ಎರಡನೆಯ ಸಲ, ಕೆಂಗೇರಿ ಉಪನಗರದಲ್ಲಿ, ಯುಗಾದಿಯ ಆಸುಪಾಸಿನಲ್ಲಿ ಎಂದರು. ಎರಡು ಸಲವೂ ದನಿ ಅಷ್ಟೇ ಖಚಿತವಾಗಿತ್ತು.

ವಿಜಯನಗರದ ಕಚೇರಿಯಲ್ಲಿ ಸಮಿತಿ ಸೇರಿದ ಆ ಸಂಜೆ ಅಧ್ಯಕ್ಷರು ಇನ್ನೂ ಬಂದಿರಲಿಲ್ಲ. ಭಾನುವಾರದ ಸರ್ವಸದಸ್ಯರ ಸಭೆಯಲ್ಲಿ ಅವರೇ ಅವಿರೋಧವಾಗಿ ಮತ್ತೆ ಆಯ್ಕೆಯಾಗುವವರಿದ್ದರು. ಅವರ ಎರಡು ಹೇಳಿಕೆಗಳನ್ನೂ ಓದಿ, ಯಾವುದನ್ನು ಅಚ್ಚಿಗೆ ಕೊಡಲಿ ಎಂದು ಕೇಳಿದೆ.

ಕಾರ್ಯದರ್ಶಿ ಅಧ್ಯಕ್ಷರ ಹಳೆಯ ಶಿಷ್ಯೆ. "ಅದೊಂದು ವಾಕ್ಯ ಬಿಟ್ಬಿಡಿ ಸಾರ್" ಎಂದರು.

"ಕಾಲ, ಜಾಗ ಬಿಟ್ರೆ ಚರಿತ್ರೆ ಹೇಗಾಗುತ್ತಮ್ಮ?"

"ನೀವೊಬ್ರು ಸಾರ್!" ಎಂದು ಖಜಾಂಚಿ ನಕ್ಕರು. "ವಯಸ್ಸಾಯ್ತು, ಒಂದೆರಡು ಮರೀತಾರಪ್ಪ."

ಅವರ ತಲೆಯ ಹಿಂದೆ, ಗೋಡೆಯ ಮೇಲೆ, ಸಂಘವೇ ಅಚ್ಚು ಹಾಕಿಸಿದ್ದ ಭಿತ್ತಿಪತ್ರವಿತ್ತು: ವಯಸ್ಸಾದರೆ ಮರೆವು ಸಹಜವೆಂದು ಸುಮ್ಮನಿರಬೇಡಿ.

ಕಾರ್ಯದರ್ಶಿ ತಲೆ ಎತ್ತಲಿಲ್ಲ. "ಅವರ ಭಾಷಣ ಎಲ್ಲಾ ನಾನೇ ಬರ್ಕೊಡ್ತಾ ಇದೀನಿ. ತುಂಬಾ ದಿನ ಆಯ್ತು."

ಖಜಾಂಚಿಯ ನಗು ನಿಂತಿತು. "ನೀವೂನಾ ಮೇಡಂ? ಮಾರೇನಹಳ್ಳಿ ಹತ್ರ ಒಂದಿನ ದಾರಿ ಗೊತ್ತಾಗ್ದೆ ನಿಂತಿದ್ರು. ಅವತ್ತಿಂದ ಪ್ರತಿ ಸಭೆಗೂ ಕ್ಯಾಬ್ ನಾನೇ ಬುಕ್ ಮಾಡಿ, ಬಾಗಿಲ ತನಕ ಬಿಡಪ್ಪ ಅಂತ ಡ್ರೈವರ್‌ಗೆ ಹೇಳ್ತೀನಿ. ನನಗೊಬ್ಬನಿಗೇ ಗೊತ್ತು ಅಂದ್ಕೊಂಡಿದ್ದೆ."

ಜಂಟಿ ಕಾರ್ಯದರ್ಶಿ ಅಧ್ಯಕ್ಷರ ಕ್ಲಿನಿಕ್ಕಿನಲ್ಲಿಯೇ ಕೆಲಸ ಮಾಡುವ ಕಿರಿಯ ವೈದ್ಯ. ಅವನು ಬಹಳ ಮೆಲ್ಲಗೆ ಹೇಳಿದ: "ಅವರು ಬರೆದ ಔಷಧಿ ಚೀಟಿ ಹೊರಗೆ ಹೋಗೋಕ್ಮುಂಚೆ ನಾನು ನೋಡ್ತೀನಿ. ತಿದ್ದಿದ್ದೂ ಇದೆ."

"ನೀವು ರಜೆ ಹಾಕಿದ ದಿನ?" ಎಂದೆ.

ಅವನು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದ. ಆರೋಗ್ಯ ಶಿಬಿರಕ್ಕೆ ಹಾಕಿಸುವ ಪೆಂಡಾಲಿನ ವಿಷಯಕ್ಕೂ ಒಮ್ಮತಕ್ಕೆ ಬರಲಾರದ ಈ ಸಮಿತಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಒಂದು ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದಿತ್ತು. ತಂದೆಯ ಮರೆವನ್ನು ಮುಚ್ಚಿಟ್ಟು ತಡವಾಗಿ ಕರೆತಂದ ಮಕ್ಕಳನ್ನು ಗದರುತ್ತಿದ್ದವರೂ ಇವರೇ.

ಅಷ್ಟರಲ್ಲಿ ಅಧ್ಯಕ್ಷರು ಒಳಗೆ ಬಂದರು. "ಏನ್ರಯ್ಯಾ, ಯಾರು ಹೋಗ್ಬಿಟ್ರು? ಮುಖ ಹಿಂಗ್ ಮಾಡ್ಕೊಂಡ್ ಕೂತಿದ್ದೀರಾ?"

ಕಾರ್ಯದರ್ಶಿ ಎದ್ದು, ಅವರ ಕುರ್ಚಿಯ ಪಕ್ಕಕ್ಕೆ ತನ್ನ ಕುರ್ಚಿಯನ್ನು ಎಳೆದುಕೊಂಡು ಕುಳಿತರು. "ಸಾರ್, ನಿಮಗೆ ಮರೆವು ಶುರುವಾಗಿದೆ. ಭಾನುವಾರಕ್ಕೆ ಮುಂಚೆ ನಿಮ್ಮನ್ನ ಪರೀಕ್ಷೆ ಮಾಡ್ಬೇಕು."

ಅವರು ಸಿಟ್ಟಾಗುತ್ತಾರೆಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಂಗೊತ್ತು ಕಣಮ್ಮ. ನಿಮಗ್ಯಾರಿಗೂ ಗೊತ್ತಾಗ್ಲೇ ಇಲ್ವಲ್ಲ, ಏನ್ ಪಾಠ ಹೇಳ್ಕೊಟ್ನಪ್ಪಾ ಅಂತ ಬೇಜಾರಾಗಿತ್ತು."

ನನಗೆ ಅದು, ಇವರೆಲ್ಲ ಮುಚ್ಚಿಟ್ಟರೆಂಬುದಕ್ಕಿಂತಲೂ ದೊಡ್ಡ ಪೆಟ್ಟು. ತಿಳಿದೂ ಅವರು ರೋಗಿಗಳನ್ನು ನೋಡುತ್ತಿದ್ದರು. ತಿಳಿದೂ ಇವರು ನೋಡಲು ಬಿಟ್ಟಿದ್ದರು.

ಅವರು ಜಂಟಿ ಕಾರ್ಯದರ್ಶಿಯ ಕಡೆ ತಿರುಗಿದರು. "ನಾಳೆಯಿಂದ ಪೇಷೆಂಟ್ಸ್‌ನ ನೀನೇ ನೋಡೋ. ನಾನು ಬರೆಯಲ್ಲ." ಮತ್ತೆ ಶಿಷ್ಯೆಗೆ, "ಹ್ಞೂಂ, ಕೇಳು. ಭಾನುವಾರದವರೆಗೂ ಯಾಕೆ? ಮೊದಲ್ನೇ ಪ್ರಶ್ನೆಯಿಂದ ಕೇಳು" ಎಂದರು.

"ಇವತ್ತು ಯಾವ ವಾರ ಸಾರ್?"

ಅವರು ಕಿಟಕಿಯತ್ತ ನೋಡಿದರು. "ಗುರುವಾರ" ಎಂದರು, ಅದೇ ಖಚಿತ ದನಿಯಲ್ಲಿ.

ಸರಿಯಾಗೇ ಹೇಳಿದರು ಎನ್ನಲು ನನ್ನ ಬಾಯಿ ತಾನಾಗಿ ತೆರೆಯಿತು. ಕಾರ್ಯದರ್ಶಿ ನನ್ನ ಕಡೆ ತಿರುಗದೆಯೇ ಕೈ ಎತ್ತಿ ತಡೆದು, ಎರಡನೆಯ ಪ್ರಶ್ನೆ ಕೇಳಿದರು.