ಮೂರು ತಿರುಪಿನ ಪೆಟ್ಟಿಗೆ

ಮದುವೆಯಾದ ಮೊದಲ ನಾಲ್ಕು ವರ್ಷಗಳಲ್ಲಿ ನಾನೂ ನನ್ನ ಗಂಡನೂ ಒಂದೇ ಸೂರಿನಡಿ ಇದ್ದದ್ದು ಎಲ್ಲ ಸೇರಿ ನಾಲ್ಕು ತಿಂಗಳೂ ಆಗಲಿಕ್ಕಿಲ್ಲ. ಅವರು ಗಲ್ಫಿನಲ್ಲಿ ಏಸಿ ರಿಪೇರಿಯ ಕೆಲಸದಲ್ಲಿದ್ದರು. ನಾನು ಕಾಪುವಿನ ಅವರ ಮನೆಯಲ್ಲಿ ಅತ್ತೆಯ ಜೊತೆಗಿದ್ದು, ದಿನಾ ಎರಡು ಬಸ್ಸು ಬದಲಿಸಿ ಮಣಿಪಾಲದ ಒಂದು ಟೈಪಿಂಗ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ವಿದ್ಯಾರ್ಥಿಗಳ ಪ್ರಬಂಧಗಳನ್ನು ಟೈಪು ಮಾಡಿ, ಪ್ರಿಂಟು ತೆಗೆದು, ಬೈಂಡು ಹಾಕಿ ಕೊಡುವುದು ನನ್ನ ಕೆಲಸ.

ಶುಕ್ರವಾರ ಅವರಿಗೆ ರಜೆ. ಸಂಜೆ ಆರಕ್ಕೆ ಫೋನು ಬರುತ್ತಿತ್ತು. ಊಟ ಆಯ್ತಾ ಎಂದು ಕೇಳುತ್ತಿದ್ದರು. ಆರು ಗಂಟೆಗೆ ಯಾವ ಊಟ ಎಂದು ನಾನು ಕೇಳಲಿಲ್ಲ, ಆಯ್ತು ಎನ್ನುತ್ತಿದ್ದೆ. ಅಮ್ಮ ಹೇಗಿದ್ದಾರೆ, ಮಳೆ ಉಂಟಾ ಎಂದು ಅವರು. ಅಲ್ಲಿ ಸೆಖೆ ಉಂಟಾ ಎಂದು ನಾನು. ಮರುಭೂಮಿಯಲ್ಲಿರುವವರನ್ನು ವಾರವಾರವೂ ಸೆಖೆ ಉಂಟಾ ಎಂದು ಕೇಳಿದ ಹೆಂಡತಿ ನಾನೊಬ್ಬಳೇ ಇರಬೇಕು. ಆಮೇಲೆ ಇಬ್ಬರೂ ಸುಮ್ಮನೆ ಉಸಿರು ಕೇಳಿಸಿಕೊಳ್ಳುತ್ತಾ ನಿಲ್ಲುತ್ತಿದ್ದೆವು. ಒಳ್ಳೆಯ ಮನುಷ್ಯ ಎಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ಮೂರನೆಯ ರಜೆಯಲ್ಲಿ ಅವರು ಒಂದು ಬೈಕು ಕೊಂಡರು. ಆಗಷ್ಟೇ ಬರತೊಡಗಿದ್ದ, ಕಾರ್ಬುರೇಟರ್ ಇಲ್ಲದೆ ಇಂಜೆಕ್ಷನ್ನಿನಿಂದ ಪೆಟ್ರೋಲು ಹೋಗುವ ಬೈಕು. ಕೊಂಡ ವಾರದಲ್ಲೇ ಅದರ ಸೈಲೆನ್ಸರು ಬದಲಿಸಿ ಊರಿಗೆಲ್ಲ ಕೇಳುವ ಹಾಗೆ ಓಡಾಡಿದರು. ಹೊರಡುವ ಮಧ್ಯಾಹ್ನವೂ ಅದರ ಮುಂದೆ ಕುಳಿತು ಪಕ್ಕದ ಮನೆಯವರಿಗೆ ಪೆಟ್ರೋಲು ಎಲ್ಲಿಂದ ಚಿಮ್ಮುತ್ತದೆ ಎಂದು ಬಿಚ್ಚಿ ತೋರಿಸುತ್ತಿದ್ದರು. ಅಷ್ಟರಲ್ಲಿ ಏರ್‌ಪೋರ್ಟಿಗೆ ಹೋಗುವ ಕಾರು ಬಂದು ಹಾರ್ನ್ ಹೊಡೆಯಿತು. ಗಡಿಬಿಡಿಯಲ್ಲಿ ಎಲ್ಲ ಜೋಡಿಸಿ, ಕೈಯ ಗ್ರೀಸು ಒರೆಸಿಕೊಳ್ಳುತ್ತಲೇ ಕಾರು ಹತ್ತಿದರು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಡು, ಬ್ಯಾಟರಿ ಸಾಯ್ತದೆ ಎಂಬುದೇ ಅವರು ಹೇಳಿಹೋದ ಕೊನೆಯ ಮಾತು. ನನಗೆ ಸಿಟ್ಟು ಬಂದಿತ್ತು. ಬ್ಯಾಟರಿಯ ಮೇಲಿರುವ ಕಾಳಜಿ ನನ್ನ ಮೇಲಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಎರಡು ವಾರ ಸ್ಟಾರ್ಟ್ ಮಾತ್ರ ಮಾಡಿದೆ. ಮೂರನೆಯ ವಾರ ಓಡಿಸಿದೆ. ಕಾರ್ಕಳದ ತವರಿನಲ್ಲಿ ಅಣ್ಣನ ಬೈಕಿನ ಮೇಲೆ ಕಲಿತದ್ದು ಕೈ ಬಿಟ್ಟಿರಲಿಲ್ಲ. ಅತ್ತೆ ಜಗಲಿಯಲ್ಲಿ ನಿಂತು ನೋಡಿ, ಬಿದ್ದರೆ ನನ್ನ ಹತ್ತಿರ ಹೇಳಬೇಡ ಎಂದಷ್ಟೇ ಹೇಳಿ ಒಳಗೆ ಹೋದರು. ಅದನ್ನು ನಾನು ಅಪ್ಪಣೆ ಎಂದೇ ತಿಳಿದೆ.

ಬೈಕು ಹೈವೇಯಲ್ಲಿ ಚೆನ್ನಾಗಿಯೇ ಓಡಿತು. ಆದರೆ ನಿಧಾನವಾಗಿ ಹೋಗುವಾಗ, ಕೈ ಒಂದೇ ಸಮ ಹಿಡಿದರೂ, ಬಿಕ್ಕಳಿಕೆ ಬಂದವರ ಹಾಗೆ ಜರ್ಕ್ ಹೊಡೆಯುತ್ತಿತ್ತು. ಆ ಶುಕ್ರವಾರ ಮಳೆಯ ಸುದ್ದಿಯ ಬದಲು ಅದನ್ನು ಹೇಳಿದೆ. ಫೋನಿನ ಆಚೆ ಇದ್ದ ಮನುಷ್ಯನೇ ಬದಲಾದ. ಎಷ್ಟನೇ ಗಿಯರಿನಲ್ಲಿ, ಏರಿನಲ್ಲಿಯಾ ಇಳಿಜಾರಿನಲ್ಲಿಯಾ, ಎಂಜಿನ್ ಬಿಸಿಯಾದ ಮೇಲೆಯಾ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಕೊನೆಗೆ ಅವರೇ ತೀರ್ಮಾನಿಸಿದರು: ಹೊಸ ಸೈಲೆನ್ಸರಿನಿಂದ ಗಾಳಿ ಹೆಚ್ಚು ಓಡಾಡುತ್ತದೆ, ಅದಕ್ಕೆ ತಕ್ಕ ಪೆಟ್ರೋಲು ಸಾಲುತ್ತಿಲ್ಲ. ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದು ಬೇಕು. ಅಲ್ಲಿಯ ಅಂಗಡಿಯಲ್ಲಿ ಎರಡು ಬಗೆ ಉಂಟಂತೆ. ಒಂದನ್ನು ಕಂಪ್ಯೂಟರಿಗೆ ಜೋಡಿಸಿದರೆ ಲೆಕ್ಕವೆಲ್ಲ ಅದರೊಳಗೇ. ಇನ್ನೊಂದಕ್ಕೆ ಮೂರು ಪುಟ್ಟ ತಿರುಪುಗಳು. ನಿಧಾನಕ್ಕೊಂದು, ನಡುವಿನ ವೇಗಕ್ಕೊಂದು, ಜೋರಿಗೊಂದು. ಸ್ಕ್ರೂಡ್ರೈವರಿನಿಂದ ತಿರುಗಿಸಿ, ಓಡಿಸಿ ನೋಡಿ, ಮತ್ತೆ ತಿರುಗಿಸಬೇಕು.

ಯಾವುದು ತರುವುದೆಂದು ನಾನು ಕೇಳುವ ಮೊದಲೇ ಅವರು ಹೇಳಿದರು.

"ನೀನೇ ನೋಡಿ ಹೇಳು ಮಾರಾಯ್ತಿ. ಬೈಕು ನಿನ್ನ ಹತ್ತಿರ ಉಂಟಲ್ಲ."

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಅಂಗಡಿಯಲ್ಲಿ ಇಂಟರ್ನೆಟ್ ಇತ್ತು. ಊಟದ ಹೊತ್ತಿನಲ್ಲಿ ಈ ಪೆಟ್ಟಿಗೆಗಳ ಬಗ್ಗೆ ಯಾರು ಎಲ್ಲಿ ಬರೆದಿದ್ದರೂ ಓದಿ ಪ್ರಿಂಟು ತೆಗೆಯುತ್ತಿದ್ದೆ. ಒಮ್ಮೆ ಪೆಟ್ರೋಲಿನ ಹೆಚ್ಚು ಕಡಿಮೆಯ ಕೋಷ್ಟಕವೊಂದು ಹಲ್ಲಿನ ಡಾಕ್ಟರಿಕೆ ಓದುವ ಹುಡುಗಿಯ ಪ್ರಬಂಧದೊಳಗೆ ಸೇರಿ ಬೈಂಡಾಗಿಯೇ ಹೋಯಿತು. ಅವಳು ಪಾಪ, ಅದು ತಾನೇ ಬರೆದದ್ದಿರಬಹುದೆಂದು ಒಂದು ದಿನವಿಡೀ ತಲೆ ಕೆಡಿಸಿಕೊಂಡು ಮರುದಿನ ತಂದು ತೋರಿಸಿದಳು.

ಒಂದು ನೋಟ್‌ಬುಕ್ಕೂ ಆಯಿತು. ಕಟಪಾಡಿಯಲ್ಲಿ ಎರಡು ಜರ್ಕ್, ಉದ್ಯಾವರದ ಸೇತುವೆಯ ಮೇಲೆ ಇಲ್ಲ, ಪರ್ಕಳದ ಇಳಿಜಾರಿನಲ್ಲಿ ವಿಪರೀತ. ಶುಕ್ರವಾರ ಅದನ್ನು ಓದುತ್ತಿದ್ದೆ. ಆಮೇಲೆ ಬೈಕು ಸ್ಟಾರ್ಟ್ ಮಾಡಿ, ಮೊಬೈಲನ್ನು ಸೈಲೆನ್ಸರಿನ ಹತ್ತಿರ ಹಿಡಿದು ಅವರಿಗೆ ಸದ್ದು ಕೇಳಿಸುತ್ತಿದ್ದೆ. ಪರ್ಕಳದ ಮಾತಿನಿಂದ ಅಲ್ಲಿಯ ಹೋಟೆಲಿಗೆ, ಹೋಟೆಲಿನಿಂದ ನನ್ನ ಅಪ್ಪನಿಗೆ, ಅಪ್ಪನಿಂದ ಅವರು ಕಳೆದುಕೊಂಡ ತಂದೆಗೆ ಮಾತು ಹೋಗುತ್ತಿತ್ತು. ಕಟ್ಟಡದ ತಾರಸಿಯ ಮೇಲೆ ಬಿಸಿಲಿನಲ್ಲಿ ಕೆಲಸ ಮಾಡುವಾಗ ಒಮ್ಮೆ ತಲೆ ತಿರುಗಿ ಬಿದ್ದದ್ದನ್ನು, ಅಮ್ಮನಿಗೆ ಹೇಳಬೇಡ ಎಂದು, ಒಂದು ಶುಕ್ರವಾರ ನನಗೆ ಹೇಳಿದರು. ಅಂದು ಫೋನು ಇಟ್ಟ ಮೇಲೆ ಎಷ್ಟೋ ಹೊತ್ತು ಬೈಕಿನ ಪಕ್ಕದಲ್ಲೇ ಕುಳಿತಿದ್ದೆ. ನನಗೆ ಈ ಮನುಷ್ಯ ಬೇಕು ಅನ್ನಿಸಿತು. ಮದುವೆಯಾಗಿ ಮೂರು ವರ್ಷ ದಾಟಿದ ಮೇಲೆ ಅನ್ನಿಸಿದ್ದು.

ಒಂದು ಭಾನುವಾರ ಕಾರ್ಕಳಕ್ಕೆ ಬೈಕಿನಲ್ಲೇ ಹೋಗಿದ್ದೆ. ತವರಿನ ಪಕ್ಕದ ಗ್ಯಾರೇಜಿನವರು, ವಯಸ್ಸಾದವರು, ನಾನು ಬಂದು ನಿಲ್ಲಿಸಿದ್ದನ್ನು ಕೇಳಿಯೇ ಎದ್ದು ಬಂದರು. ಎಂಜಿನಿಗೆ ಗಾಳಿ ಹೋಗುವ ದಪ್ಪ ರಬ್ಬರ್ ಕೊಳವೆಯ ಮೇಲೆ ಬೆರಳಾಡಿಸಿ, ಇದರ ಕ್ಲಿಪ್ಪು ಸಡಿಲ ಉಂಟು, ಇಲ್ಲಿಂದ ಗಾಳಿ ಎಳೆಯುತ್ತದೆ, ಯಾರು ಬಿಚ್ಚಿದ್ದು ಎಂದು ಕೇಳಿದರು. ನನಗೆ ಕಾರಿನ ಹಾರ್ನ್ ನೆನಪಾಯಿತು. ಅವರು ಸ್ಕ್ರೂಡ್ರೈವರಿನಿಂದ ಎರಡು ಸುತ್ತು ತಿರುಗಿಸಿದರು. ಅಷ್ಟೇ ರೋಗ, ಅಷ್ಟೇ ಮದ್ದು.

ಕಾಪುವಿನವರೆಗೆ ಬೈಕು ಬೆಣ್ಣೆಯ ಹಾಗೆ ಓಡಿತು. ನನಗೆ ದಾರಿಯುದ್ದಕ್ಕೂ ಅಳು ಬರುತ್ತಿತ್ತು. ಇನ್ನು ಪೆಟ್ಟಿಗೆ ಬೇಡ. ಪೆಟ್ಟಿಗೆ ಬೇಡವೆಂದರೆ ನೋಟ್‌ಬುಕ್ಕು ಬೇಡ. ಮುಂದಿನ ಶುಕ್ರವಾರದಿಂದ ಮತ್ತೆ ಊಟ ಆಯ್ತಾ, ಮಳೆ ಉಂಟಾ.

ಶುಕ್ರವಾರ ಅವರು, ಬೈಕು ಹೇಗುಂಟು ಎಂದು ಕೇಳಿದರು. ಸ್ವಲ್ಪ ಕಡಿಮೆ, ಆದರೂ ಉಂಟು ಎಂದೆ.

ಒಂದು ಸುಳ್ಳಿಗೆ ಎಷ್ಟು ದುಡಿಮೆ ಬೇಕೆಂದು ಆಮೇಲೆ ಗೊತ್ತಾಯಿತು. ಇಲ್ಲದ ಜರ್ಕುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಸದ್ದು ಕೇಳಿಸುವಾಗ ಒಂದು ಕೈಯಲ್ಲಿ ಮೊಬೈಲು ಹಿಡಿದು ಇನ್ನೊಂದು ಕೈಯಲ್ಲಿ ಆಕ್ಸಿಲರೇಟರನ್ನು ತಡೆತಡೆದು ತಿರುಗಿಸಿ ಬಿಕ್ಕಳಿಕೆ ಬರಿಸಬೇಕು. ಅತ್ತೆ ಜಗಲಿಯಿಂದ ನೋಡಿ, ರೋಗ ಗಾಡಿಗೆಯಾ ನಿನ್ನ ಕೈಗೆಯಾ ಎಂದು ಕೇಳಿದರು. ನಾನು ಕೇಳಿಸದವಳ ಹಾಗೆ ಇನ್ನೂ ಜೋರಾಗಿ ತಿರುಗಿಸಿದೆ. ಹೀಗೆ ಮೂರು ತಿಂಗಳು ನಡೆಸಿದೆ. ಬೇಡದ ಸಾಮಾನೊಂದನ್ನು ಅವರು ಬೆವರು ಸುರಿಸಿ ತರುತ್ತಾರಲ್ಲ ಎಂದು ಮನಸ್ಸು ಚುಚ್ಚುತ್ತಿತ್ತು. ಚುಚ್ಚುತ್ತಿದ್ದರೂ ಶುಕ್ರವಾರ ಆರು ಗಂಟೆಯಾದರೆ ನಿಜ ಹೇಳಲು ಬಾಯಿ ಬರುತ್ತಿರಲಿಲ್ಲ.

ರಜೆ ಹತ್ತಿರ ಬಂತು. ಈಗ ಹೇಳಲೇಬೇಕು, ಯಾವುದು ತರಲಿ ಎಂದರು. ಮೂರು ತಿರುಪಿನದ್ದು ಎಂದೆ. ನಮ್ಮಲ್ಲಿ ಕಂಪ್ಯೂಟರ್ ಎಲ್ಲುಂಟು ಎಂದು ಕಾರಣ ಕೊಟ್ಟೆ. ನಿಜವಾದ ಕಾರಣ ಬೇರೆ. ಕಂಪ್ಯೂಟರಿನದ್ದಾದರೆ ಒಂದೇ ದಿನದ ಕೆಲಸ. ತಿರುಪಿನದ್ದಕ್ಕೆ ಒಬ್ಬರು ಓಡಿಸಬೇಕು, ಇನ್ನೊಬ್ಬರು ತಿರುಗಿಸಬೇಕು, ರಜೆಯಿಡೀ.

ಬಂದ ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ ಅವರು ಬೈಕಿನ ಮುಂದೆ ಕುಳಿತರು. ಮೊಣಕಾಲ ಮೇಲೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಕಪ್ಪು ಪೆಟ್ಟಿಗೆ. ಸೀಟು ಬಿಚ್ಚಿದರು. ಇನ್ನು ಕ್ಲಿಪ್ಪು ಕಾಣುತ್ತದೆ, ಹೊಸದಾಗಿ ಬಿಗಿಸಿದ ಗುರುತೂ ಕಾಣುತ್ತದೆ.

"ಬೈಕು ಸರಿಯಾಗಿ ಮೂರು ತಿಂಗಳಾಯಿತು," ಎಂದೆ. "ನಾನು ಸುಳ್ಳು ಹೇಳಿದ್ದು."

ಅವರು ತಲೆ ಎತ್ತಲಿಲ್ಲ.

"ಗೊತ್ತುಂಟು. ಫೋನಿನಲ್ಲಿ ಕೇಳ್ತಿತ್ತು. ಎಂಜಿನಿನ ಜರ್ಕ್ ಬೇರೆ, ಕೈಯ ಜರ್ಕ್ ಬೇರೆ ಅಲ್ವಾ?"

ಮತ್ತೆ ಯಾಕೆ ಬಾಯಿ ಬಿಡಲಿಲ್ಲ, ಇದನ್ನು ಯಾಕೆ ತಂದದ್ದು ಎಂದು ಕೇಳಿದೆ. ಸಿಟ್ಟು, ನಾಚಿಕೆ ಎರಡೂ ಒಟ್ಟಿಗೇ ಬಂದಿದ್ದವು. ಅವರು ಸ್ಕ್ರೂಡ್ರೈವರಿನ ತುದಿಯನ್ನು ಲುಂಗಿಗೆ ಒರೆಸುತ್ತಾ ಕುಳಿತರು. ಫೋನಿನಲ್ಲಿ ಕೇಳಿದ ಅದೇ ಉಸಿರು ಈಗ ಒಂದು ಮೊಳದ ದೂರದಲ್ಲಿ ಕೇಳುತ್ತಿತ್ತು.

"ಸರಿಯಾಯ್ತು ಅಂತ ನಾನು ಹೇಳಿದ್ದರೆ, ಮುಂದಿನ ಶುಕ್ರವಾರ ನೀನು ನನ್ನ ಹತ್ತಿರ ಎಂತ ಮಾತಾಡ್ತಿದ್ದೆ?"

ಅವರು ಪೆಟ್ಟಿಗೆಯನ್ನು ಜೋಡಿಸಿಯೇ ಜೋಡಿಸಿದರು, ಮೂರೂ ತಿರುಪುಗಳನ್ನು ಸೊನ್ನೆಯಲ್ಲಿಟ್ಟರು, ಪೆಟ್ರೋಲು ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕೈ ತೊಳೆದು ಬಂದು, ಬೈಕಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು, ಆ ಪರ್ಕಳದ ಇಳಿಜಾರು ಒಮ್ಮೆ ನೋಡಬೇಕು ಎಂದರು. ಅತ್ತೆ ನೋಡುತ್ತಿದ್ದಂತೆಯೇ ನನ್ನ ಹಿಂದೆ ಕುಳಿತರು.

ಕಟಪಾಡಿಯ ಪೇಟೆ ದಾಟುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಗಿ, ಗಂಭೀರವಾಗಿ ಕೇಳಿದರು.

"ಊಟ ಆಯ್ತಾ?"

ಬೆಳಗಿನ ಒಂಬತ್ತು ಗಂಟೆ. ನಾನು ನಕ್ಕ ರಭಸಕ್ಕೆ ಕೈ ಅಲುಗಿ, ಬೈಕು ಒಮ್ಮೆ ಜರ್ಕ್ ಹೊಡೆಯಿತು.